ಕರಿಕಿಯ ನೀರು, ಕಡಲಿನ ಪಾಚಿ

ಸಂಕಷ್ಟಿಯ ಸಂಜೆ. ಪಡಸಾಲೆಯಲ್ಲಿ ಕುಳಿತು ಗಣಪತಿಗೆ ಕರಿಕಿ ಹುಲ್ಲು ಆರಿಸುತ್ತಿದ್ದೆ. ಧಾರವಾಡಕ್ಕೆ ಹೋಗಿಬಂದ ಪಕ್ಕದ ಮನೆಯಾತ ಕಟ್ಟೆಯ ಮೇಲಿಂದಲೇ ಕೂಗಿದ: "ಅಕ್ಕಾರ, ನಿಮ್ಮ ತಂಗಿ ಹೇಳಿ ಕಳ್ಸ್ಯಾಳ್ರಿ. ಜೀವ ಉಳೀತಂತ!"

ಒಳಗಿದ್ದ ನನ್ನ ಅತ್ತೆ "ನನ್ನಪ್ಪಾ ಗಣಪತಿ" ಎಂದು ನಿಂತಲ್ಲೇ ಕೈಮುಗಿದರು.

"ಯಾರಿಗೇನ ಆಗಿತ್ರೀ?" ಎಂದು ಆತ ಕೇಳಿದ.

"ಪಾಚಿಗಪಾ" ಎಂದೆ. ಆತ ನನ್ನ ಮುಖವನ್ನೇ ನೋಡಿದ.

ಎಂಬತ್ತರ ದಶಕದ ಮೊದಲ ವರ್ಷಗಳವು. ತಂಗಿ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ಹಿಂದಿನ ವಾರ ಕುಮಟೆಯ ಕಡಲಿನಿಂದ ಗಾಜಿನ ಭರಣಿಯಲ್ಲಿ ಕೆಂಪು ಪಾಚಿ ಹಿಡಿದುಕೊಂಡು ಬಂದು, ಹಾನಗಲ್ಲಿನ ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದಳು. ಅದು ಅಲ್ಲಿ ಬೆಳೆಯುವುದು ಒಂದೇ ಬಂಡೆಸಾಲಿನಲ್ಲಂತೆ. ದೋಣಿ ನಿಲ್ಲುವ ಧಕ್ಕೆ ಕಟ್ಟಲು ಆ ಬಂಡೆಗಳನ್ನೇ ಒಡೆಯುತ್ತಿದ್ದರಂತೆ. ಕಾಲೇಜಿನ ತೊಟ್ಟಿಯಲ್ಲಿ ಬೆಳೆಸಿ ಉಳಿಸಬೇಕು, ಇದು ಹೋದರೆ ಮತ್ತೆ ಸಿಗುವ ಭರವಸೆಯಿಲ್ಲ ಎಂದಳು.

ಕೆರೆಯ ಮೆಟ್ಟಿಲಿನ ಪಾಚಿಯನ್ನು ತಿಕ್ಕಿ ತೊಳೆಯುವ ಊರು ನಮ್ಮದು. "ಪಾಚಿ ಬೇಕಂದ್ರ ನಮ್ಮ ಕೆರ್‍ಯಾಗ ಗಾಡಿಗಟ್ಲೆ ಐತಲ್ಲವಾ" ಎಂದು ಅತ್ತೆ ನಕ್ಕಿದ್ದರು. ಮರುದಿನ ಬೆಳಿಗ್ಗೆ ತಂಗಿ ಸ್ನಾನಕ್ಕೆ ಹೋದಾಗ, ಭರಣಿಯ ನೀರು ವಾಸನೆ ಬಂತೆಂದು ಚೆಲ್ಲಿ, ಪೂಜೆಯ ಕರಿಕಿ ಬಾಡದಂತೆ ಇಡುವ ಹಾಗೆಯೇ ತಣ್ಣನೆಯ ಕೆರೆಯ ನೀರು ತುಂಬಿಟ್ಟರು.

ತಂಗಿ ನೋಡಿದವಳೇ ಪಾಚಿಯನ್ನು ಭರಣಿಯಿಂದ ಹೊರಗೆತ್ತಿದಳು. "ಅಯ್ಯ ಅತ್ತೀ, ಇದು ಉಪ್ಪುನೀರಾಗ ಹುಟ್ಟಿದ್ದರೀ!"

"ಈ ನೀರಾಗ ಕರಿಕಿ ಚಿಗೀತೈತಲ್ಲವಾ, ಅದಕ್ಕ ಹಾಕಿದೆ..." ಎಂದರು ಅತ್ತೆ.

ನಾನು ಹರಳುಪ್ಪಿನ ಗಡಿಗೆಯನ್ನೇ ಎತ್ತಿ ತಂದೆ. ಭರಣಿಯ ನೀರಿಗೆ ಹಾಕಿ ಕಲಕಿದೆ. ತಂಗಿ ಬೆರಳದ್ದಿ ನೆಕ್ಕಿದಳು. "ಇನ್ನಷ್ಟ ಹಾಕ. ಕಡಲು ಇಷ್ಟ ಸಪ್ಪಗಿರೂದಿಲ್ಲ." ಮತ್ತೆ ನೆಕ್ಕಿ, ಮುಖ ಹಿಂಡಿ, "ಹೂಂ, ಈಗ ಬಂತು" ಎಂದಳು. ಪಾಚಿಯನ್ನು ಅದರಲ್ಲಿ ಇಳಿಸಿ, ಭರಣಿಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು. ಅಂದಿನಿಂದ ಅತ್ತೆಗೆ ಅನ್ನ ರುಚಿಸಿರಲಿಲ್ಲ.

ಪಾಚಿ ಎಂದ ಮೇಲೆಯೇ ಪಕ್ಕದ ಮನೆಯಾತನಿಗೆ ತಂಗಿ ಹೇಳಿಕಳಿಸಿದ ಉಳಿದ ಮಾತು ಅರ್ಥವಾಯಿತು: "ತುದಿ ಬೆಳ್ಳಗಾಗಿ ಉದುರ್‍ಯಾವಂತ್ರಿ. ಉಳಿದದ್ದು ಹೊಸಾ ಚಿಗುರು ಬಿಟ್ಟೈತಂತ."

ಮಡಿಲಿನ ಕರಿಕಿಯನ್ನು ನೋಡಿದೆ. ದನ ಮೇಯ್ದರೂ, ನಾವು ತುಳಿದರೂ ಗಿಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುವ ಹುಲ್ಲು. ಹಿತ್ತಲಿಗೆ ಹೋದರೆ ಸಾಕು, ಸಿಗುತ್ತದೆ. ಅದೂ ಒಂದು ಕೊಡುಗೆ ಎಂದು ನನಗೆ ಅದುವರೆಗೆ ಅನ್ನಿಸಿರಲಿಲ್ಲ. ಆ ಪಾಚಿಗೆ ಒಂದೇ ಬಂಡೆ, ಒಂದೇ ನೀರು. ಕರಿಕಿಯ ಆ ಕೊಡುಗೆಗೂ, ಆ ಬೆಳಿಗ್ಗೆ ಗಡಿಗೆಯಲ್ಲಿ ಉಪ್ಪಿದ್ದುದಕ್ಕೂ ಮನಸ್ಸಿನಲ್ಲೇ ನಮಸ್ಕರಿಸಿದೆ.

"ಚಂದ್ರ ಮೂಡಿದ ಮ್ಯಾಲ ನನಗೆರಡು ಕಡುಬು ಹೆಚ್ಚಿಗಿ ಇಡವಾ" ಎಂದರು ಅತ್ತೆ.

ಕರಿಕಿಯನ್ನು ತಂಬಿಗೆಯ ನೀರಿನಲ್ಲಿಟ್ಟು, ಕಣಕ ನಾದಲು ಎದ್ದೆ.