ವೈನಿ ಪುಣೆಗೆ ಹೋಗಿ ಬಂದದ್ದು

ನಮ್ಮ ವೈನಿಯ ಎಡಗಿವಿ ಒಣಗಿದ ಅಂಜೂರದ ಹಾಗೆ ಮುದುಡಿ ಗಟ್ಟಿಯಾಗಿದೆ. ಅಣ್ಣನನ್ನು ಮದುವೆಯಾಗಿ ಅವಳು ನಮ್ಮ ಮನೆಗೆ ಬಂದ ದಿನ ಅವ್ವ ತನ್ನ ಬಂಗಾರದ ಬುಗುಡಿಯನ್ನು ಸೊಸೆಯ ಕಿವಿಗೆ ಇಡಲು ಹೋಗಿ ತೂತು ಹುಡುಕಿ ಹುಡುಕಿ ಸಾಕಾದಳು. ಸುತ್ತ ಕೂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ವೈನಿ ತಲೆ ತಗ್ಗಿಸಲಿಲ್ಲ. "ಅದು ಕುಸ್ತಿ ಕಿವಿರಿ ಅತ್ತಿ, ಆಡಿ ಆಡಿ ಮುದುಡೈತಿ. ಅದರಾಗ ಬುಗುಡಿ ಹೋಗಂಗಿಲ್ಲ," ಅಂದಳು. ಅವ್ವ ಬುಗುಡಿಯನ್ನು ಡಬ್ಬಿಗೆ ಹಾಕಿ ಒಳಗೆ ಎದ್ದು ಹೋದಳು.

ವೈನಿಯ ತವರು ಮುದ್ದೇಬಿಹಾಳದ ಹತ್ತಿರದ ಹಳ್ಳಿ. ಅವಳ ಅಪ್ಪ ಪೈಲ್ವಾನ. ಗಂಡುಮಕ್ಕಳಿಗೆ ಗರಡಿಮನೆಯಲ್ಲಿ ಕಲಿಸುತ್ತಿದ್ದುದನ್ನೆಲ್ಲ ಆತ ಈ ಒಬ್ಬ ಮಗಳಿಗೆ ಹಿತ್ತಲಲ್ಲಿ ಮಣ್ಣು ಹದ ಮಾಡಿ ಕಲಿಸಿದ್ದ. ನಮ್ಮದು ಇಂಡಿ ಊರಿನ ಹೊರಗೆ ಲಿಂಬೆ ತೋಟ. ಅಣ್ಣ ಲಿಂಬೆ ವ್ಯಾಪಾರ ಮಾಡುತ್ತಿದ್ದ. ಇಬ್ಬರು ಆಳುಗಳು ಹಿಡಿದು ಎತ್ತುವ ಲಿಂಬೆ ಚೀಲವನ್ನು ವೈನಿ ಒಬ್ಬಳೇ ತೊಡೆಗೆ ತಂದುಕೊಂಡು, ಅಲ್ಲಿಂದ ಭುಜಕ್ಕೆ ಹಾಕಿಕೊಂಡು ಟೆಂಪೋಕ್ಕೆ ಏರಿಸುವುದನ್ನು ನೋಡಲು ಪಕ್ಕದ ತೋಟದವರು ನೆಪ ಮಾಡಿಕೊಂಡು ಬರುತ್ತಿದ್ದರು. ಯಾವ ಕೆಲಸಕ್ಕೂ ಅವಳದು ಒಂದೇ ಮಾತು: "ಮೊದಲ ಕಾಲು ಊರು." ನನಗೆ ರೊಟ್ಟಿ ಬಡಿಯಲು ಕಲಿಸಿದಾಗಲೂ ಅದನ್ನೇ ಹೇಳಿದ್ದಳು.

ಮದುವೆಯಾದ ಮೇಲೂ ಅಣ್ಣ ಅವಳನ್ನು ಕುಸ್ತಿಗೆ ಕರೆದೊಯ್ಯುತ್ತಿದ್ದ. ಬಸವನ ಬಾಗೇವಾಡಿಯಲ್ಲಿ ಒಮ್ಮೆ ಹೆಣ್ಣುಮಕ್ಕಳ ಕುಸ್ತಿ ಇಟ್ಟಾಗ ಮಹಾರಾಷ್ಟ್ರದಿಂದ ಬಂದಿದ್ದ ದೊಡ್ಡ ಪೈಲ್ವಾನಳೊಬ್ಬಳನ್ನು ಅವಳು ಚಿತ್ ಮಾಡಿದಳು. ಅದನ್ನು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದ ಒಬ್ಬ ಮನುಷ್ಯ ಆಟ ಮುಗಿದ ಮೇಲೆ ಅಣ್ಣನ ಹತ್ತಿರ ಬಂದ. ಪುಣೆಯಲ್ಲಿ ಹೊಸದಾಗಿ ಒಂದು ಕುಸ್ತಿ ಕಂಪನಿ ಶುರುವಾಗಿದೆ, ಬಣ್ಣದ ದೀಪ, ಹಗ್ಗ ಕಟ್ಟಿದ ರಿಂಗು, ಟಿವಿಯಲ್ಲಿ ಬರುತ್ತದೆ, ನಿಮ್ಮ ಮನೆಯವರಂಥವರೇ ನಮಗೆ ಬೇಕು ಅಂದ. ಅಲ್ಲಿ ಸೋಲು ಗೆಲುವು ಮೊದಲೇ ಬರೆದಿಟ್ಟಿರುತ್ತದೆ ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ಮೊದಮೊದಲು ಸೋಲಬೇಕು, ಆಮೇಲೆ ಗೆಲ್ಲಿಸುತ್ತೇವೆ ಅಂದಿದ್ದ.

ಹೋಗಬೇಕೆಂದು ವೈನಿಗೆ ಆಸೆಯಾಯಿತು. ಅವಳ ಅಪ್ಪನಿಗೆ ಆಗಲೇ ಕಣ್ಣು ಮಂಜಾಗುತ್ತಿದ್ದವು. ಟಿವಿಯಲ್ಲಿಯಾದರೂ ಮಗಳನ್ನು ಹತ್ತಿರದಿಂದ ನೋಡಲಿ ಎಂದು ಅವಳ ಮನಸ್ಸು. ಅವ್ವ ಕಡೆಗೆ, ನಾದಿನಿಯನ್ನು ಜೊತೆಗೆ ಕಳಿಸುವುದಾದರೆ ಹೋಗಲಿ ಅಂದಳು. ಆ ನಾದಿನಿ ನಾನು. ಬಿ.ಎ. ಮುಗಿಸಿ, ನೋಡಲು ಬರುವ ಗಂಡಿನವರಿಗೆ ಚಹಾ ಕೊಡುತ್ತ ಮನೆಯಲ್ಲಿದ್ದೆ. ಹೀಗೆ ನಾನೂ ಪುಣೆಗೆ ಹೋದೆ.

ಕಂಪನಿಯವರು ವೈನಿಗೆ ಕೊಟ್ಟ ವೇಷ 'ಹಳ್ಳಿ ಸೊಸೆ'. ಕಚ್ಚೆ ಹಾಕಿದ ಇಳಕಲ್ ಸೀರೆ, ದೊಡ್ಡ ಮೂಗುತಿ, ತಲೆಯ ಮೇಲೆ ರೊಟ್ಟಿ ಬುಟ್ಟಿ. ಅವಳು ಬುಟ್ಟಿ ಹೊತ್ತು ರಿಂಗಿಗೆ ಬರಬೇಕು, ಎದುರಾಳಿ ಬುಟ್ಟಿಗೆ ಒದೆಯಬೇಕು, ರೊಟ್ಟಿ ಚೆಲ್ಲಾಪಿಲ್ಲಿಯಾಗಬೇಕು, ಇವಳು ಅದನ್ನು ಆರಿಸುತ್ತಿರುವಾಗ ಹಿಂದಿನಿಂದ ಏಟು ಬೀಳಬೇಕು. ಜನ ನಗಬೇಕು. ಮೊದಲ ದಿನ ವೈನಿ ಎಲ್ಲ ಕೇಳಿಕೊಂಡು ನನ್ನ ಕಡೆ ತಿರುಗಿ, "ಬೀಳ್ತೇನಂತ ಹೇಳು. ಸೋಲ್ತೇನಂತನೂ ಹೇಳು. ಆದರ ಖರೇ ರೊಟ್ಟಿ ತುಳ್ಯಾಕ ಕೊಡಂಗಿಲ್ಲ," ಅಂದಳು. ಹಿಂದಿಯಲ್ಲಿ ಅದನ್ನು ಹೇಳುವಷ್ಟರಲ್ಲಿ ನನಗೆ ಬೆವರು ಬಂತು. ಅವರು ನಕ್ಕರು. ಆದರೆ ಮರುದಿನ ರಟ್ಟಿನ ರೊಟ್ಟಿ ಬಂದವು.

ಅವಳು ಸೋಲುತ್ತ ಹೋದಳು. ಮೈತುಂಬ ಮಿಂಚು ಹಚ್ಚಿಕೊಂಡ ಹುಡುಗಿಯರು ಅವಳ ಜಡೆ ಹಿಡಿದು ಎಳೆಯುತ್ತಿದ್ದರು. ಅವರಲ್ಲಿ ಬಹಳ ಮಂದಿ ಕುಣಿತದಿಂದ ಬಂದವರು, ಮಣ್ಣು ಮುಟ್ಟಿದವರಲ್ಲ. ವೈನಿ ಮನಸ್ಸು ಮಾಡಿದ್ದರೆ ಒಬ್ಬೊಬ್ಬರನ್ನೂ ಲಿಂಬೆ ಚೀಲದ ಹಾಗೆ ಎತ್ತಿ ಇಡಬಹುದಿತ್ತು. ಹಾಗೆ ಮಾಡದೆ, ಅವರಿಗೆ ಪೆಟ್ಟಾಗದ ಹಾಗೆ ತಾನೇ ಬೀಳುತ್ತಿದ್ದಳು. ಊರಿನಲ್ಲಿ ಅವಳ ಅಪ್ಪ ಒಂದು ಸಲ ನೋಡಿ, ಆಮೇಲೆ ಟಿವಿ ಹಚ್ಚುವುದನ್ನೇ ಬಿಟ್ಟನಂತೆ. ಆ ಸುದ್ದಿ ಬಂದ ದಿನ ವೈನಿ ಊಟ ಮಾಡಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಮ್ಯಾನೇಜರನ ಹತ್ತಿರ ಹೋಗಿ, ತನಗೆ ಯಾವಾಗ ಖರೇ ಕುಸ್ತಿ ಕೊಡುತ್ತೀರಿ ಎಂದು ನನ್ನಿಂದ ಕೇಳಿಸಿದಳು. ನೀನು ಬಿದ್ದರೆ ಜನ ನಗುತ್ತಾರೆ, ನಿನ್ನ ಬೆಲೆ ಅದೇ, ಗೆದ್ದರೆ ನಿನ್ನನ್ನು ಯಾರು ನೋಡುತ್ತಾರೆ ಅಂದ ಅವನು. ನಾನು ಅದನ್ನು ಕನ್ನಡದಲ್ಲಿ ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಅವಳಿಗೆ ಅವನ ಮುಖ ನೋಡಿಯೇ ತಿಳಿದಿತ್ತು.

ಆದರೂ ಬೆಳಗಿನ ತಾಲೀಮು ಬಿಡಲಿಲ್ಲ. ಜೋಡಿಗೆ ಬೇರೆ ಯಾರೂ ಇಲ್ಲದ್ದರಿಂದ ನನ್ನನ್ನೇ ಎಬ್ಬಿಸಿ ಗಾದಿಯ ಮೇಲೆ ನಿಲ್ಲಿಸುತ್ತಿದ್ದಳು. ಬೀಳುವಾಗ ಗದ್ದವನ್ನು ಎದೆಗೆ ಹಚ್ಚಬೇಕು, ಉಸಿರು ಹಿಡಿಯಬಾರದು, ಕೈ ಊರಿದರೆ ಕೈ ಮುರಿಯುತ್ತದೆ. ಮೊದಲ ವಾರ ಮೈಯೆಲ್ಲ ನೀಲಿಗಟ್ಟಿ ಅತ್ತೆ. ಆಮೇಲೆ ಯಾವಾಗ ಹೆದರಿಕೆ ಹೋಯಿತೋ ಗೊತ್ತಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸೋಲಾಪುರದಲ್ಲಿ ಆಟ ಇಟ್ಟರು. ಇಂಡಿಗೆ ಹತ್ತಿರದ ಊರು. ಅಣ್ಣ ಕ್ರೂಸರ್ ಗಾಡಿ ಮಾಡಿಕೊಂಡು ಅವ್ವನನ್ನೂ ದೂರದ ಬೀಗರನ್ನೂ ತೋಟದ ಆಳುಗಳನ್ನೂ ಕರೆದುಕೊಂಡು ಬಂದ. ಅವತ್ತು ವೈನಿಗೆ ಎದುರು ಕಂಪನಿಯ ದೊಡ್ಡ ಹೆಸರಿನ ಹುಡುಗಿ. ಕಡೆಯಲ್ಲಿ ಆ ಹುಡುಗಿ ಮೂಲೆಯ ಕಂಬ ಏರಿ, ಮಲಗಿದ್ದ ವೈನಿಯ ಮೇಲೆ ಜಿಗಿಯಬೇಕು, ಎದೆಯ ಮೇಲೆ ಕೈ ಇಡಬೇಕು, ತೀರ್ಪು ಕೊಡುವ ಪಂಚರು ಮೂರು ಎಣಿಸಿ ವೈನಿ ಸೋತಳೆನ್ನಬೇಕು. ಅಷ್ಟೇ ಬರೆದಿದ್ದದ್ದು.

ರಟ್ಟಿನ ರೊಟ್ಟಿ ಚೆಲ್ಲಿದಾಗ ಇಡೀ ಹಾಲ್ ನಕ್ಕಿತು. ನಮ್ಮವರು ಮಾತ್ರ ನಗಲಿಲ್ಲ. ಅವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಆ ಹುಡುಗಿ ಕಂಬ ಏರಿದಳು. ಜನರ ಕಡೆ ಕೈ ಬೀಸಿದಳು. ಜಿಗಿಯುವಷ್ಟರಲ್ಲಿ ಅವಳ ಬೂಟು ಮೇಲಿನ ಹಗ್ಗದ ಮೇಲೆ ಜಾರಿತು. ತಲೆ ಕೆಳಗಾಗಿ, ವೈನಿ ಮಲಗಿದ್ದ ಜಾಗ ಬಿಟ್ಟು ಬೇರೆ ಕಡೆ ಬೀಳತೊಡಗಿದಳು. ನಾನು ರಿಂಗಿನ ಪಕ್ಕದಲ್ಲೇ ನಿಂತಿದ್ದೆ. ವೈನಿ ಯಾವಾಗ ಎದ್ದಳೋ, ಯಾವಾಗ ಅಲ್ಲಿ ಮುಟ್ಟಿದಳೋ. ನಾನು ಕಂಡದ್ದು, ಆ ಹುಡುಗಿಯ ನಡು ವೈನಿಯ ಎರಡೂ ಕೈಯಲ್ಲಿತ್ತು. ಮರುಕ್ಷಣ ಅವಳು ವೈನಿಯ ಹೆಗಲ ಮೇಲಿದ್ದಳು.

ಜನಕ್ಕೆ ಕಂಡದ್ದು ಬೇರೆ. ಇಷ್ಟು ದಿನ ಒದೆ ತಿಂದ ಹಳ್ಳಿ ಸೊಸೆ ಕಡೆಗೂ ಎದ್ದು ನಿಂತಿದ್ದಾಳೆ. ನಕ್ಕಿದ್ದ ಹಾಲೇ ಈಗ ಅವಳ ಪರವಾಗಿ ಕೂಗತೊಡಗಿತು. ಒಗೆ, ಚಿತ್ ಮಾಡು ಎಂದು ನಮ್ಮವರು ಕುರ್ಚಿಯ ಮೇಲೆ ಹತ್ತಿದರು. ಅಣ್ಣನೂ ಎದ್ದು ನಿಂತಿದ್ದ. ವೈನಿ ಕಾಲು ಊರಿ ನಿಂತಿದ್ದಳು. ಅವಳು ಆಗ ಅಲ್ಲಿ ಏನು ಮಾಡಿದ್ದರೂ ತಡೆಯುವವರು ಯಾರೂ ಇರಲಿಲ್ಲ.

ಅವಳು ಮೆಲ್ಲಗೆ ಮಂಡಿಯೂರಿದಳು. ಒಂದು ಕೈಯನ್ನು ಆ ಹುಡುಗಿಯ ಕುತ್ತಿಗೆಯ ಕೆಳಗೆ ಇಟ್ಟು, ಅವಳನ್ನು ಕೆಳಗೆ ಇಳಿಸಿದಳು. ಪೆಟ್ಟಾಯಿತೇನು ಎಂದು ತನ್ನ ಹರಕು ಹಿಂದಿಯಲ್ಲಿ ಕೇಳಿದಳು. ಹುಡುಗಿ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ವೈನಿ ಅವಳ ಪಕ್ಕದಲ್ಲಿ ತಾನೇ ಅಂಗಾತ ಮಲಗಿ, ಅವಳ ಕೈಯನ್ನು ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಪಂಚರು ಮೂರು ಎಣಿಸಿದರು.

ಜನ ಬೈದರು. ಬಾಟಲಿಗಳು ಬಿದ್ದವು. ನಮ್ಮ ಜೊತೆಗೆ ಬಂದಿದ್ದ ಬೀಗರೊಬ್ಬರು, ನಿನ್ನ ಹೆಂಡತಿ ಕುಸ್ತಿ ಮಾರಿಕೊಂಡಳು ಎಂದು ಅಣ್ಣನ ಮುಖಕ್ಕೇ ಅಂದರು. ಒಳಗೆ ಮ್ಯಾನೇಜರ ಕೆಂಡವಾಗಿದ್ದ. ಕ್ಯಾಮೆರಾದ ಮುಂದೆ ನಮ್ಮ ಹುಡುಗಿಯನ್ನು ಕೂಸಿನ ಹಾಗೆ ಎತ್ತಿ ಕಥೆಯನ್ನೇ ಕೆಡಿಸಿದೆ, ಬಿದ್ದಿದ್ದರೆ ಡಾಕ್ಟರ್ ಇರಲಿಲ್ಲವೇ ಅಂದ. ವೈನಿ ಜಡೆ ಬಿಚ್ಚಿ ಕಟ್ಟಿಕೊಳ್ಳುತ್ತ, "ಕುತ್ತಿಗಿ ಮುರದಿದ್ರ ಡಾಕ್ಟರ್ ಏನ್ ಮಾಡ್ತಿದ್ದ, ಕೇಳು ಅವನ್ನ," ಅಂದಳು. ನಾನು ಕೇಳಿದೆ, ಈ ಸಲ ಮೆತ್ತಗೆ ಮಾಡಲಿಲ್ಲ. ನಾಳೆಯಿಂದ ಬರಬೇಡಿ ಅಂದ. ಆ ಆಟ ಟಿವಿಯಲ್ಲಿ ಬರಲೇ ಇಲ್ಲ. ಹೊರಡುವಾಗ ಆ ಹುಡುಗಿ ಓಡಿ ಬಂದು ವೈನಿಯ ಕೈ ಹಿಡಿದುಕೊಂಡಳು. ಅದಕ್ಕಿಂತ ಹೆಚ್ಚಿಗೆ ವೈನಿಯ ಹರಕು ಹಿಂದಿ ಸಾಲುತ್ತಿರಲಿಲ್ಲ.

ಇನ್ನೂ ಬಿಸಿಲಿತ್ತು. ಎಲ್ಲರೂ ಕ್ರೂಸರ್‌ನಲ್ಲೇ ಊರಿಗೆ ಹೊರಟೆವು. ಭೀಮಾ ನದಿಯ ಸೇತುವೆ ದಾಟಿದ ಮೇಲೆ ಅವ್ವ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಸೊಸೆಯ ಮೊಣಕಾಲ ಮೇಲೆ ಕೈ ಇಟ್ಟಳು.

"ಆ ಹುಡುಗಿನ್ನ ಕೆಳಗ ಇಳಿಸಿದ್ದು ನೋಡೀನಿ. ಹಸುಗೂಸಿನ್ನ ತೊಟ್ಟಿಲದಾಗ ಮಲಗಿಸಿದಂಗ ಇಳಸಿದಿ. ಅದನ್ನ ಯಾರ್ ಕಲಸ್ಯಾರ ನಿನಗ?"

"ನಮ್ಮಪ್ಪರಿ."

"ದೊಡ್ಡ ಮನಶ್ಯಾ ಅಂವ," ಅಂದಳು ಅವ್ವ.

ಪುಣೆಗೆ ಹೋದಾಗಿನಿಂದ ಅಳದಿದ್ದ ವೈನಿ ಆಗ ಅತ್ತಳು. ಬೀಗರು ಕೆಮ್ಮಿ ಹೊರಗೆ ನೋಡಿದರು.

ಆಮೇಲೆ ಊರಿನಲ್ಲಿ ದಿನಗಳು ಸುಲಭವಾಗಿರಲಿಲ್ಲ. 'ರೊಟ್ಟಿ ಪೈಲ್ವಾನ' ಎಂದು ಹೆಸರು ಬಿತ್ತು. ಅವಳಿಗೆ ನೋವಾಗಿತ್ತು, ಇಲ್ಲವೆಂದರೆ ಸುಳ್ಳು. ಬಹಳ ದಿನ ತಾಲೀಮು ಮಾಡಲಿಲ್ಲ, ಲಿಂಬೆ ಆರಿಸುತ್ತ ತೋಟದಲ್ಲೇ ಉಳಿದಳು. ಒಂದು ದಿನ ನಾನು ಧೈರ್ಯ ಮಾಡಿ, ಆವತ್ತು ಗೆಲ್ಲಬಹುದಿತ್ತಲ್ಲ ಎಂದು ಕೇಳಿದೆ. ಅವಳು ಬುಟ್ಟಿಯಿಂದ ಕೊಳೆತ ಕಾಯಿ ತೆಗೆದು ಒಗೆಯುತ್ತ ಹೇಳಿದಳು: "ಆಕಿ ನಾ ಹಾಕಿದ ಡಾವಿಗೆ ಬಿದ್ದಿಲ್ಲ, ಜಾರಿ ಬಿದ್ದಾಳ. ಜಾರಿ ಬಿದ್ದಾಕಿನ್ನ ಚಿತ್ ಮಾಡಿದ್ರ ಅದು ಗೆಲುವು ಹೆಂಗಾಗ್ತೈತಿ?"

ಅದೇ ವರ್ಷ ನನಗೆ ಒಂದು ಸಂಬಂಧ ಗಟ್ಟಿಯಾಗುವುದರಲ್ಲಿತ್ತು. ನನಗೆ ಮನಸ್ಸಿರಲಿಲ್ಲ, ಹೇಳಲು ಬಾಯಿಯೂ ಇರಲಿಲ್ಲ. ವೈನಿಯೇ ಅವ್ವನ ಮುಂದೆ ಕೂತು, ಇವಳಿಗೆ ಬೀಳುವುದು ಬಂದಿದೆ, ಬೀಳುವುದು ಗೊತ್ತಿದ್ದವರು ಬೇರೆಯವರಿಗೆ ಕಲಿಸಬಲ್ಲರು, ದೈಹಿಕ ಶಿಕ್ಷಣ ಓದಿಸೋಣ ಅಂದಳು. ಕ್ರೂಸರ್‌ನ ಆ ದಿನದ ಮೇಲೆ ಅವ್ವ ಸೊಸೆಯ ಮಾತು ತೆಗೆದುಹಾಕುತ್ತಿರಲಿಲ್ಲ. ನಾನು ಓದಿದೆ. ಈಗ ಸಿಂದಗಿ ಕಡೆಯ ಒಂದು ಸಾಲಿಯಲ್ಲಿ ದೈಹಿಕ ಶಿಕ್ಷಕಿ. ನನ್ನ ಹೆಸರಿನ ಮುಂದೆ ಟೀಚರ್ ಎಂದು ಬರೆಯುವಾಗಲೆಲ್ಲ ಅದರಲ್ಲಿ ಅರ್ಧ ಅವಳದು ಎನಿಸುತ್ತದೆ.

ಸಾಲಿಗೆ ಸೇರಿದ ವರ್ಷ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುತ್ತೇನೆಂದಾಗ ತಾಯಂದಿರು ಒಪ್ಪಲಿಲ್ಲ. ನಾನು ವೈನಿಗೆ ಫೋನ್ ಮಾಡಿದೆ. ಅವಳು ಮರುದಿನವೇ ಬಸ್ಸು ಹತ್ತಿ ಬಂದಳು. ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು, ನೀವೇ ಟಿವಿಯಲ್ಲಿ ಒದೆ ತಿಂದು ಸೋತು ಬಂದವರು, ನಮ್ಮ ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಕೇಳಿದಳು. ನನಗೆ ಸಿಟ್ಟು ಬಂದು ಏಳುತ್ತಿದ್ದೆ, ವೈನಿ ಕಣ್ಣಲ್ಲೇ ಕೂರಿಸಿದಳು.

"ಹೌದ್ರಿ, ಸೋತು ಬಂದೀನಿ," ಅಂದಳು. "ಸೋತು ತಲಿ ಎತ್ತಿಕೊಂಡ ಮನಿಗೆ ಬರೂದು ಹೆಂಗ ಅಂತ ನನಗ ಗೊತ್ತೈತಿ. ಗೆಲ್ಲೂದನ್ನ ನಮ್ಮ ನಾದಿನಿ ಕಲಸ್ತಾಳ. ಇದನ್ನ ನಾ ಕಲಸ್ತೇನಿ."

ಕಳಿಸುವವರು ಯಾರಿಗೂ ಗೀರದಂತೆ ಮಕ್ಕಳ ಉಗುರು ಕತ್ತರಿಸಿ ಕಳಿಸಿ ಎಂದಷ್ಟೇ ನಾನು ಕೊನೆಗೆ ಸೇರಿಸಿದೆ. ಸಭೆ ಯಾವ ನಿರ್ಧಾರವೂ ಇಲ್ಲದೆ ಮುಗಿಯಿತು. ವೈನಿ ಆ ದಿನ ನನ್ನ ಕೋಣೆಯಲ್ಲೇ ಉಳಿದಳು. ಬೆಳಿಗ್ಗೆ ನಾವಿಬ್ಬರೂ ಮೈದಾನದಲ್ಲಿ ಗಾದಿ ಹಾಸುತ್ತಿದ್ದಾಗ ಗೇಟಿನ ಹತ್ತಿರ ಅದೇ ತಾಯಿ ನಿಂತಿದ್ದಳು, ಪಕ್ಕದಲ್ಲಿ ಮಗಳು. ಅವಳು ನನ್ನನ್ನು ದಾಟಿ ನೇರವಾಗಿ ವೈನಿಯ ಹತ್ತಿರ ಹೋಗಿ, ಮಗಳ ಕೈ ಮುಂದೆ ಹಿಡಿದು ತೋರಿಸಿದಳು.

"ಉಗುರು ಇಷ್ಟ ಕತ್ತರಿಸಿದ್ರ ಸಾಕೇನ್ರಿ?"

ವೈನಿ ಆ ಪುಟ್ಟ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ಒಂದೊಂದೇ ಬೆರಳು ನೋಡಿದಳು.

"ಸಾಕ್ರಿ," ಅಂದಳು.