ಟ್ರೌಟ್ ಇಲ್ಲದ ಹೊಳೆಯಲ್ಲಿ ಅನಾಟಮಿ ಅಂಕಲ್

ಅನಾಟಮಿ ಅಂಕಲ್ ಅವರ ಎಡಗಿವಿಯಲ್ಲಿ ಒಂದು ತೂತಿತ್ತು. ಓಲೆ ಹಾಕುವ ಜಾಗದಲ್ಲಲ್ಲ, ಮೇಲಂಚಿನಲ್ಲಿ, ಕಾಗದಕ್ಕೆ ಪಂಚಿಂಗ್ ಮೆಷಿನ್ ಒತ್ತಿದ ಹಾಗೆ. ಸಂಜೆ ಅವರು ಬಾಲ್ಕನಿಯಲ್ಲಿ ಸೂರ್ಯನಿಗೆ ಬೆನ್ನು ಹಾಕಿ ಕೂತರೆ ಅದರೊಳಗಿಂದ ಒಂದು ಚೂರು ಬಿಸಿಲು ತೂರಿ ಬರುತ್ತಿತ್ತು. ಅದಕ್ಕೆ ಕಣ್ಣಿಟ್ಟು ನೋಡಿದರೆ ಕಡಲಾಚೆಯ ಸುಮಾತ್ರಾ ಕಾಣುತ್ತದೆ ಎಂದು ಮಲಯ ದೇಶದ ಮೆಲಾಕಾದ ನಮ್ಮ ಕಾಂಡೋ ಕಟ್ಟಡದ ಚಿಕ್ಕ ಮಕ್ಕಳಿಗೆ ನಾನು ಹೇಳಿದ್ದೆ. ಇಬ್ಬರು ನೋಡಲು ಹೋಗಿಯೂ ಇದ್ದರು.

"ಇದು ನಾನು ಹಿಡಿದ ಮೊದಲನೇ ಮೀನು," ಎಂದು ಅಂಕಲ್ ಆ ಕಿವಿಯನ್ನೇ ಎಳೆದು ತೋರಿಸುತ್ತಿದ್ದರು. "ಸ್ಕಾಟ್‌ಲೆಂಡಿನಲ್ಲಿ ಓದುವಾಗ ಟ್ರೌಟ್ ಹಿಡಿಲಿಕ್ಕೆ ಅಂತ ಗಾಳ ಬೀಸಿದೆ ಮಾರಾಯ್ತಿ. ಸಿಕ್ಕಿದ್ದು ನಾನೇ."

ಅವರು ಉಡುಪಿಯವರು. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಿದ್ದರು, ನಮ್ಮ ಎದುರು ಮನೆಯಲ್ಲಿದ್ದರು. ದಿನವಿಡೀ ಹೆಣಗಳ ನಡುವೆ ಇರುವ ಆ ಮನುಷ್ಯನಿಗೆ ಗುಡುಗೆಂದರೆ ಹೆದರಿಕೆ. ಹಲ್ಲಿಯೆಂದರೆ ಹೆದರಿಕೆ. ಲಿಫ್ಟಿನೊಳಗೆ ಮೊದಲು ಯಾರಾದರೂ ಕಾಲಿಟ್ಟು, ಅದು ಬೀಳಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಅವರು ಹತ್ತುತ್ತಿದ್ದರು. "ಹೆಣಕ್ಕೆ ಹೆದರಲ್ವಾ ಅಂಕಲ್?" ಎಂದರೆ, "ಹೆಣ ಎಂತ ಮಾಡ್ತದೆ? ಹೆದರುದಾದ್ರೆ ಜೀವ ಇರುವುದಕ್ಕೆ ಹೆದರ್ಬೇಕು," ಎನ್ನುತ್ತಿದ್ದರು.

ಅವರಿಗೆ ಜೀವಕ್ಕಿಂತ ಹೆಚ್ಚಿನದೆಂದರೆ ಸ್ಕಾಟ್‌ಲೆಂಡಿನಿಂದ ತಂದ ಗಾಳದ ಕೋಲು. ಅದರ ಗಾಳಕ್ಕೆ ಎರೆಹುಳು ಸಿಕ್ಕಿಸುವುದಿಲ್ಲ. ಕೋಳಿಗರಿ, ರೇಷ್ಮೆದಾರ ಸುತ್ತಿ ಕೊಕ್ಕೆಯನ್ನೇ ನೊಣದ ಹಾಗೆ ಮಾಡುವುದು, ಅದನ್ನು ನೀರಿನ ಮೇಲೆ ಹಗುರಾಗಿ ಇಳಿಸುವುದು, ಮೀನು ಮೋಸ ಹೋಗಬೇಕು. ಮೋಸ ಹೋದ ಮೀನನ್ನು ಅಂಕಲ್ ನೀರಿನಲ್ಲೇ ಬಿಡಿಸಿ ಕಳಿಸಿಬಿಡುತ್ತಿದ್ದರು. ಆಂಟಿಗೆ ಅದು ಬಗೆಹರಿಯದ ಸಂಕಟ. "ಮಲ್ಪೆಯಲ್ಲಿ ಹುಟ್ಟಿದವಳು ನಾನು. ಹಿಡಿದ ಮೀನಿಗೆ ಟಾಟಾ ಮಾಡಿ ಬರುವ ಗಂಡ ಸಿಕ್ಕಿದ್ದು ನನ್ನ ಕರ್ಮ," ಎಂದು ಪೇಟೆಯ ಬಂಗುಡೆಯನ್ನು ಎಣ್ಣೆಗೆ ಬಿಡುತ್ತಿದ್ದರು.

ನಾನು ಅವರ ಶಿಷ್ಯೆಯಾದದ್ದು ನನ್ನ ನಾಲಿಗೆಯ ದೆಸೆಯಿಂದ. ಕ್ಲಾಸಿನಲ್ಲಿ ಎಲ್ಲರೂ ರಜೆಯ ಪ್ರತಾಪ ಹೇಳುತ್ತಿದ್ದರು. ಒಬ್ಬಳು ಸ್ವಿಟ್ಜರ್‌ಲೆಂಡಿಗೆ ಹೋಗಿದ್ದಳು. ನಾನು ಹೋದದ್ದು ಹಲ್ಲಿನ ಡಾಕ್ಟರ ಹತ್ತಿರ ಮಾತ್ರ. ಹಾಗಾಗಿ, ಪಹಾಂಗಿನ ಕಾಡುಹೊಳೆಯಲ್ಲಿ ನನ್ನ ತೋಳುದ್ದದ ಟ್ರೌಟ್ ಹಿಡಿದೆ ಎಂದೆ. "ಫೋಟೋ ವೇರ್, ಲಾ?" ಎಂದ ಹಿಂದಿನ ಬೆಂಚಿನವನು. ಫೋಟೋ ಸಾಲ ಕೇಳಲು ಅಂಕಲ್ ಮನೆಗೆ ಓಡಿದೆ.

ಅಂಕಲ್ ನಕ್ಕು ನಕ್ಕು ಕೆಮ್ಮಿದರು. "ಟ್ರೌಟಿಗೆ ಐಸಿನಂಥ ನೀರು ಬೇಕು. ಪಹಾಂಗಿನ ಹೊಳೆಯಲ್ಲಿ ಎಲ್ಲಿಂದ ಬರ್ಬೇಕು ಅದು? ಇಲ್ಲಿರುವುದು ಕೆಲಾ. ನಮ್ಮ ಕಾವೇರಿಯ ಮಹಶೀರ್ ಉಂಟಲ್ಲ, ಅದರ ದಾಯಾದಿ. ಸುಳ್ಳು ಹೇಳಿ ಆಯ್ತಲ್ಲ, ಇನ್ನು ಮೀನಾದ್ರೂ ನಿಜ ಆಗ್ಲಿ. ಬಾ, ಕಲಿಸ್ತೇನೆ."

"ನಂಗೆ ನೀರಂದ್ರೆ ಭಯ ಅಂಕಲ್," ಎಂದೆ ಮೆಲ್ಲಗೆ. ಇದು ಮಾತ್ರ ಹಿಗ್ಗಿಸಿದ ಮಾತಲ್ಲ. ಕಾಂಡೋದ ಈಜುಕೊಳದಲ್ಲೂ ನಾನು ಅಂಚು ಬಿಟ್ಟವಳಲ್ಲ.

"ಭಯ ಉಂಟಾ? ಒಳ್ಳೇದು. ಮನೆಯಲ್ಲಿ ಬಿಟ್ಟು ಬರ್ಬೇಡ, ತಗೊಂಡೇ ಬಾ."

ಮೊದಲ ಪಾಠಗಳು ಕಾಂಡೋದ ಹಿಂದಿನ ಹುಲ್ಲಿನ ಮೇಲೆ, ಕೊಕ್ಕೆಯ ಬದಲು ಉಲ್ಲನ್ ಚೂರು ಕಟ್ಟಿ. ದಾರವನ್ನು ಹಿಂದಕ್ಕೆ ಎಸೆದು, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ತರಬೇಕು. ನನಗೆ ಕಾಯುವುದೆಂದರೆ ಆಗದು. ಮೊದಲ ದಿನವೇ ಸೆಕ್ಯುರಿಟಿಯವನ ಟೊಪ್ಪಿ ಹಾರಿಸಿದೆ, ಮಾವಿನ ಮರ ಹಿಡಿದೆ, ಒಣಗಲು ಹಾಕಿದ್ದ ಯಾರದೋ ಬಟಿಕ್ ಸರೋಂಗಿಗೆ ಜೀವ ಬರಿಸಿದೆ. ಅಂಕಲ್ ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿಕೊಂಡು ದೂರದಿಂದ, "ಕಾಯಿ ಮಾರಾಯ್ತಿ, ಕಾಯಿ!" ಎಂದು ಕೂಗುತ್ತಿದ್ದರು.

ಹೊಳೆಗೆ ಹೋದ ದಿನ ಜಿಗಣೆಗಳು ನೀರುದೋಸೆಯ ಗಾತ್ರ ಇದ್ದವು. ಸರಿ, ಅಷ್ಟಿರಲಿಲ್ಲ. ಆದರೆ ನಾನು ನಡುಗುತ್ತಿದ್ದುದು ಜಿಗಣೆಗಲ್ಲ. ದಾರಿಯುದ್ದಕ್ಕೂ ಅಂಕಲ್ ನೀರಿನ ತಲೆಯ ವಿಷಯ ಹೇಳಿದ್ದರು. ಎಲ್ಲೋ ಮೇಲೆ ಬೆಟ್ಟದಲ್ಲಿ ಮಳೆ ಹೊಯ್ಯುತ್ತದಂತೆ. ಇಲ್ಲಿ ಕೆಳಗೆ ಚೆನ್ನಾಗಿ ಬಿಸಿಲಿರುವಾಗಲೇ ನೀರು ಒಮ್ಮೆಗೇ ಗೋಡೆಯ ಹಾಗೆ ಇಳಿದು ಬರುತ್ತದಂತೆ. ಮೊದಲು ಎಲೆ ತೇಲಿ ಬರುವುದು, ನೀರು ಕದಡುವುದು, ಅದೇ ಸುಳಿವಂತೆ. ಮಲಯರು ಅದನ್ನು ಕೆಪಾಲಾ ಆಯರ್, ನೀರಿನ ತಲೆ ಎನ್ನುತ್ತಾರೆ. ತಲೆ ಇದ್ದ ಮೇಲೆ ಬಾಯಿಯೂ ಇರಬೇಕು ಎಂದು ನನಗೆ ಅನ್ನಿಸಿತ್ತು.

ನೀರಿಗಿಳಿಯುವ ಮೊದಲು ಅಂಕಲ್ ದಡ ಹತ್ತುವ ಜಾಗ ತೋರಿಸಿದರು. ಆಮೇಲೆ, "ಇಲ್ಲಿ ನಮಗೆ ಒಂದೇ ಕಾನೂನು. ಬಾ ಅಂದ್ರೆ ಬಾ. ಕೈಯಲ್ಲಿ ಎಂತ ಉಂಟೋ ಬಿಟ್ಟು ಬಾ. ಯಾಕೆ ಅಂತ ದಡದಲ್ಲಿ ಕೇಳು," ಎಂದರು.

ಆ ದಿನ ನೀರಿಗಿಳಿದು ಅರ್ಧ ಗಂಟೆಯೂ ಆಗಿರಲಿಲ್ಲ, ಮೂರು ಎಲೆ ತೇಲಿ ಬಂದವು. "ಬಾ!" ಎಂದರು. "ಯಾಕೆ..." ಎನ್ನುವಷ್ಟರಲ್ಲಿ ನನ್ನ ಟೀ ಶರ್ಟಿನ ಕಾಲರ್ ಹಿಡಿದು ಎಳೆದುಕೊಂಡೇ ಹತ್ತಿದರು. ದಡದಲ್ಲಿ ಕೂತೆವು. ಕೂತೇ ಇದ್ದೆವು. ಏನೂ ಬರಲಿಲ್ಲ. ಕೆಳಗೆ ಕೋಳಿ ಸುಡುತ್ತಿದ್ದ ಹುಡುಗರು, "ಅಂಕಲ್, ತಾಕುತ್ ಆ?" ಎಂದು ನಕ್ಕರು. ಹೆದರಿದಿರಾ ಎಂದು ಅರ್ಥ. "ಯಾ ಲಾ! ತಾಕುತ್, ತಾಕುತ್!" ಎಂದು ಅಂಕಲ್ ಅವರಿಗಿಂತ ಜೋರಾಗಿ ನಕ್ಕರು.

ಕಾರಿನಲ್ಲಿ ಛೇಡಿಸಿದೆ. "ಮೂರು ಎಲೆಗೆ ಓಡಿದ್ರಲ್ಲ ಅಂಕಲ್."

"ಹೌದು. ಮುಂದಿನ ಸಲ ಎರಡಕ್ಕೇ ಓಡುವ."

ಮನೆಯಲ್ಲಿ ನಾನು ಆ ಮೂರು ಎಲೆಗಳನ್ನು ಮೂರು ಮರ ಮಾಡಿ ಹೇಳಿದೆ. "ನೀನು ಹೇಳಿದ್ರಲ್ಲಿ ಅರ್ಧ ಬಿಟ್ಟು, ಉಳಿದದ್ದರಲ್ಲಿ ಅರ್ಧ ನಂಬ್ತೀನಿ ಕಣೆ," ಎಂದರು ಅಮ್ಮ. ಆಗಲೇ ನನ್ನ ಮಾತಿನ ಮಾರುಕಟ್ಟೆ ಬೆಲೆ ಅಷ್ಟು.

ಎರಡನೇ ಸಲ ಹೋದಾಗ ಬೆಳಿಗ್ಗೆ ಅಂಕಲ್ ಹೊಳೆಯ ಮಧ್ಯೆ ನಿಂತಿದ್ದರು. ಕಾನೂನು ಅವರಿಗೂ ಇದೆಯೋ ನೋಡೋಣವೆಂದು ದಡದಿಂದ ಕೂಗಿದೆ: "ಅಂಕಲ್, ಬನ್ನಿ!" ಕೋಲನ್ನು ಬಂಡೆಯ ಮೇಲೆ ಹಾಗೇ ಬಿಟ್ಟು ಬಂದರು. ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು.

"ಎಂತ?"

"ಸುಮ್ನೆ ಕರ್ದೆ ಅಂಕಲ್."

ಬೈಯುತ್ತಾರೆಂದು ಕಾದೆ. "ಒಳ್ಳೇದು, ಪ್ರಾಕ್ಟೀಸ್ ಆಯ್ತು," ಎಂದು ತಿರುಗಿ ಹೋದರು.

ಮಧ್ಯಾಹ್ನ ಅವರ ಕೋಲು ಬಿಲ್ಲಿನ ಹಾಗೆ ಬಾಗಿತು. ದಾರ ಸುತ್ತಿದ ರೀಲು ಕಿರುಚತೊಡಗಿತು. ಹೊಳೆಯ ನಡುವಿನ ಚಪ್ಪಟೆ ಬಂಡೆಯ ಮೇಲೆ ಅಂಕಲ್ ಕುಣಿಯುತ್ತಿದ್ದರು. "ಟ್ರೌಟ್ ಅಲ್ಲ ಮಾರಾಯ್ತಿ, ಟ್ರೌಟಿನ ಅಜ್ಜ! ಫೋಟೋ ತೆಗಿ, ಫೋಟೋ!" ದಡದಂಚಿನಲ್ಲಿದ್ದ ನಾನು ಫೋನ್ ಎತ್ತಿ ಹಿಡಿದೆ. ಸ್ಕ್ರೀನಿನಲ್ಲಿ ಮೊದಲು ಕಂಡದ್ದು ಮೀನಲ್ಲ, ನೀರಿನ ಬಣ್ಣ.

ಕಾಲಬುಡಕ್ಕೆ ನೋಡಿದೆ. ಈಗಷ್ಟೇ ಕಾಣುತ್ತಿದ್ದ ಬೆಣಚುಕಲ್ಲುಗಳು ಕಾಣುತ್ತಿರಲಿಲ್ಲ. ನೀರು ಇಲ್ಲಿನ ಮಮಾಕ್ ಹೋಟೆಲಿನ ಹಾಲುಚಹಾದ ಹಾಗಿತ್ತು. ಎಲೆಗಳು ಬಂದವು, ಒಣಗಿದವಲ್ಲ, ಆಗಷ್ಟೇ ಹರಿದ ಹಸಿರೆಲೆಗಳು, ರೆಂಬೆಯ ಸಮೇತ. ಮೇಲೆ ಆಕಾಶ ನೀಲಿಯಾಗಿತ್ತು. ನನಗೆ ಅತಿ ಹೆಚ್ಚು ಹೆದರಿಕೆಯಾದದ್ದು ಆ ನೀಲಿ ನೋಡಿ.

ಕೂಗಲು ಬಾಯಿ ತೆರೆದರೆ ಹಲ್ಲಿಯ ದನಿ ಬಂತು. "ಬನ್ನಿ."

ಅಂಕಲ್ ತಲೆಯೆತ್ತಿದರು. ನೀರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬೆಳಿಗ್ಗೆ ತಾನೇ ಮೋಸ ಮಾಡಿದ ಮುಖ ಅದು. ಅವರ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ಬರುತ್ತಿರಲಿಲ್ಲ. ಅಂಕಲ್ ಕೈ ಬಿಚ್ಚಿದರು. ಸ್ಕಾಟ್‌ಲೆಂಡಿನ ಕೋಲು ಮೀನಿನ ಹಿಂದೆ ಸರ್ರನೆ ಹೋಯಿತು. ಅದರ ಕಡೆ ತಿರುಗಿಯೂ ನೋಡದೆ ಬಂಡೆಯಿಂದಿಳಿದರು.

ಓಡಲಿಲ್ಲ. ಓಡಿದರೆ ಜಾರುತ್ತದೆ. ಪಾದ ಎತ್ತದೆ, ನೆಲ ತಡವುತ್ತ, ಅಡ್ಡಡ್ಡಕ್ಕೆ, ಸಾವಕಾಶ. ಮೊಣಕಾಲಿಗಿದ್ದ ನೀರು ತೊಡೆಗೆ ಬಂತು. ತೊಡೆಯಿಂದ ಸೊಂಟಕ್ಕೆ. ಅಷ್ಟು ನಿಧಾನವಾಗಿ ಯಾರಾದರೂ ನಡೆಯುವುದನ್ನು ನಾನು ಇನ್ನೆಂದೂ ನೋಡಲಾರೆ. ಕೊನೆಗೆ ಅವರು ಕೈ ಚಾಚಿದರು, ಎಟುಕಲಿಲ್ಲ. ನಾನು ಒಂದು ಬೇರು ಹಿಡಿದು ನೀರಿಗಿಳಿದೆ. ಕಾಲಿನ ಕೆಳಗೆ ನೆಲ ಸರಿಯಿತು. ಇನ್ನೊಂದು ಕೈ ಅವರಿಗೆ ಸಿಕ್ಕಿತು. ಯಾರು ಯಾರನ್ನು ಎಳೆದರೋ ಗೊತ್ತಿಲ್ಲ.

ಹತ್ತಿ ಕೂತ ಮೇಲೆ ಸದ್ದು ಬಂತು. ಲಾರಿಯವನು ಜಲ್ಲಿ ಸುರಿದ ಹಾಗೆ, ಆದರೆ ನಿಲ್ಲಲೇ ಇಲ್ಲ. ಕಂದು ನೀರು, ಬುಡಸಮೇತ ಒಂದು ಮರ. ಬಂಡೆ ಇದ್ದ ಕಡೆ ಬಂಡೆ ಇರಲಿಲ್ಲ.

ಇಬ್ಬರ ಹಲ್ಲೂ ಕಟಕಟ ಎನ್ನುತ್ತಿದ್ದವು.

"ಬೆಳಿಗ್ಗೆ ಸುಳ್ಳು ಕರ್ದಿದ್ನಲ್ಲ. ಮತ್ತೆ ಯಾಕೆ ಬಂದ್ರಿ?" ಎಂದೆ.

"ನೀರಲ್ಲಿ ನಿಂತು ಅದನ್ನೆಲ್ಲ ಯೋಚನೆ ಮಾಡ್ಲಿಕ್ಕೆ ಟೈಮ್ ಎಲ್ಲಿ ಉಂಟು ಮಾರಾಯ್ತಿ?" ಎಂದರು. ಪ್ಯಾಂಟಿನ ತುದಿ ಹಿಂಡುತ್ತ, "ಆಂಟಿಗೆ ಹೇಳ್ಬೇಡ. ಹೆದರ್ತಾಳೆ," ಎಂದರು.

ಶಾಲೆಯಲ್ಲಿ ಈ ಕಥೆ ನಾನು ಹೇಳಲಿಲ್ಲ. ಹಿಗ್ಗಿಸಲು ಅದರಲ್ಲಿ ಜಾಗವೇ ಇರಲಿಲ್ಲ.

ಈ ವರ್ಷ ಒಂದು ಮಧ್ಯಾಹ್ನ ಪಾಠ ಮಾಡುತ್ತಲೇ ಅಂಕಲ್ ಎದೆ ಹಿಡಿದು ಕೂತರಂತೆ. ಆಸ್ಪತ್ರೆ ಪಕ್ಕದಲ್ಲೇ ಇತ್ತು. ಸುತ್ತ ಅಷ್ಟೂ ಜನ ಡಾಕ್ಟರುಗಳೇ ಇದ್ದರು. ಆದರೂ ಉಳಿಸಿಕೊಳ್ಳಲು ಆಗಲಿಲ್ಲ.

ಮನೆಯ ತುಂಬ ಜನ. ಯಾರೋ ಹೋಟೆಲಿನಿಂದ ತಪಾವ್, ಎಂದರೆ ಪಾರ್ಸೆಲ್, ಮಾಡಿ ತಂದ ಅನ್ನದ ಪೊಟ್ಟಣಗಳು ಮೇಜಿನ ಮೇಲೆ ಬಿಚ್ಚದೆ ಬಿದ್ದಿದ್ದವು. ಆಂಟಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಕೋಲು ಕಳೀತು ಅಂತ ಬಂದ್ರಲ್ಲ ಒಂದು ದಿನ. ಎಂತ ಆಗಿತ್ತು? ನಿಜ ಹೇಳು."

ಇದ್ದಷ್ಟೇ ಹೇಳಿದೆ. ಒಂದು ಎಲೆಯನ್ನೂ ಸೇರಿಸಲಿಲ್ಲ.

"ನೀನು ಕರ್ದದ್ದಾ?"

"ಹೌದು ಆಂಟಿ."

"ಎಷ್ಟು ಸಲ ಕರ್ದೆ?"

"ಒಂದೇ ಸಲ. ಕೂಡ್ಲೇ ಬಂದ್ರು."

ಆಂಟಿ ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ನಾನು ಊಟಕ್ಕೆ ಕರ್ದರೆ ನಾಲ್ಕು ಸಲ ಕರೀಬೇಕಿತ್ತು," ಎಂದರು.