ಗಂಗಾಳ ಎರಡನೆಯ ಕೂಸು

ಬೈಲಹೊಂಗಲದ ನಮ್ಮ ಓಣಿಯಲ್ಲಿ ರೊಟ್ಟಿ ಬೇಕೆಂದರೆ ಗಂಗಾಳ ಮನೆಗೇ ಹೋಗಬೇಕು. ಮುರಗೋಡದಿಂದ ಸೊಸೆಯಾಗಿ ಬಂದವಳು, ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಅವಳ ಒಲೆಯ ಮುಂದೆ ಕೂತು ಹರಟುವುದೇ ನನ್ನ ಉದ್ಯೋಗ. ಹಾಗಾಗಿ ಆ ಮನೆಯಲ್ಲಿ ನಡೆದದ್ದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟಿದೆ.

ಮದುವೆಯಾದ ವರ್ಷದೊಳಗೆ ಮಗಳು ಸಪ್ನಾ ಹುಟ್ಟಿದಳು. ಕೂಸಿಗೆ ಎರಡು ವರ್ಷವಾಗಿದ್ದಾಗ ಒಂದು ದಿನ ಅಂಗಳದಲ್ಲಿ ಬಗ್ಗಿ, ತನ್ನ ಕಾಲ ಸಂದಿನಿಂದ ಹಿಂದೆ ನೋಡಿತು. ಹಾಗೆ ನೋಡಿದರೆ ಬೆನ್ನಿಗೊಂದು ಕೂಸು ಬರುತ್ತದೆ ಎಂದು ನಮ್ಮವರ ನಂಬಿಕೆ. ಅತ್ತೆ ಸಿದ್ದಲಿಂಗವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನೂ ತಿಂದೆ. ಬರಬೇಕಾದ್ದು ಮಾತ್ರ ಬರಲಿಲ್ಲ. ಎರಡು ವರ್ಷ, ಐದು ವರ್ಷ, ಒಂಬತ್ತು ವರ್ಷ. ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ ಎನ್ನುವ ಗಾದೆಯನ್ನು ಹೆಂಗಸರು ಗಂಗಾಳಿಗೆ ಕೇಳುವಂತೆಯೇ ಆಡಿದರು.

ಅವಳು ಮಾಡದ್ದಿಲ್ಲ. ಸವದತ್ತಿ ಗುಡ್ಡಕ್ಕೆ ಹೋಗಿ ದೇವಿಗೆ ಉಡಿ ತುಂಬಿದಳು. ರಾಮದುರ್ಗದ ಕಡೆಯ ನಾಟಿ ವೈದ್ಯನ ಕಷಾಯ ಕುಡಿದು ವಾಂತಿ ಮಾಡಿಕೊಂಡಳು. ಧಾರವಾಡದ ದವಾಖಾನೆಯಲ್ಲಿ ಎಲ್ಲ ತಪಾಸಣೆ ಮಾಡಿಸಿಕೊಂಡಳು. ಅವಳಲ್ಲಿ ಯಾವ ದೋಷವೂ ಸಿಗಲಿಲ್ಲ. ಗಂಡನನ್ನು ಕರೆತನ್ನಿ ಎಂದು ಡಾಕ್ಟರು ಹೇಳಿಕಳಿಸಿದರೆ ಸಿದ್ದಲಿಂಗವ್ವ ಬಿಡುತ್ತಿರಲಿಲ್ಲ.

“ಒಮ್ಮೆ ಪೀಕ ಬಂದೈತಿ ಅಂದ ಮ್ಯಾಲ ಬೀಜದಾಗ ಏನ ಕೊರತಿ? ಹೊಲಾನ ಕೆಟ್ಟೈತಿ.”

ನಲವತ್ತು ವರ್ಷ ಹೊಲ ಬಿತ್ತಿದ ಹೆಂಗಸು. ಇಟ್ಟ ಬೀಜ ಕೆಡುತ್ತದೆ ಎಂಬುದು ಮಗನ ವಿಷಯದಲ್ಲಿ ಮಾತ್ರ ಅವಳಿಗೆ ಮರೆತುಹೋಗಿತ್ತು. ಮಗ ಕಲ್ಮೇಶ ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೋ ಓಡಿಸುವವ. ಅವ್ವ ಹೇಳಿದ್ದಕ್ಕೆ ಗೋಣು ಹಾಕುವುದೊಂದೇ ಅವನಿಗೆ ಗೊತ್ತು.

ಕಳೆದ ಶ್ರಾವಣದಲ್ಲಿ ಗಂಗಾ ಹಟ ಹಿಡಿದಳು. “ನೀವು ದವಾಖಾನಿಗೆ ಬರೂಮಟ ನಾ ಒಲಿ ಹಚ್ಚಾಂಗಿಲ್ಲ,” ಎಂದು ಕೂತೇಬಿಟ್ಟಳು. ನಾಲ್ಕನೆಯ ದಿನ ಕಲ್ಮೇಶ ಹೋದ. ಸಪ್ನಾ ಹುಟ್ಟಿದ ಮರುವರ್ಷ ಅವನಿಗೆ ಮಂಗನಬಾವು ಬಂದು, ಜ್ವರ ಕೆಳಗಿಳಿದು ವೃಷಣಗಳು ಬಾತುಕೊಂಡಿದ್ದವು. ಅಂದಿನಿಂದ ಮಕ್ಕಳಾಗುವ ಶಕ್ತಿ ಹೋಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಮನೆಗೆ ಬಂದು ಅವನು ಅದನ್ನೇ ಹೇಳಿದ. ನಾನು ಹಿಟ್ಟಿನ ಬುಟ್ಟಿಯ ಪಕ್ಕದಲ್ಲಿದ್ದೆ. ಸಿದ್ದಲಿಂಗವ್ವ ಜ್ವರದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಭ್ಯಾಸದ ಪುಸ್ತಕ ಹಿಡಿದು ಕೂತಿದ್ದ ಸಪ್ನಾಳತ್ತ ಬೆರಳು ತೋರಿದಳು.

“ಇವಗ ಬೀಜಾನ ಇಲ್ಲಂದ್ರ, ಇದು ಯಾರ್ದು?”

ಗಂಗಾ ಗಂಡನ ಮುಖ ನೋಡಿದಳು. ನನ್ನದು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಪುಣ್ಯಾತ್ಮ ಅನ್ನಲಿಲ್ಲ. ಹರಾಜಿಗೆ ಬಂದ ಚೀಲದ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುವಂತೆ ಮಗಳ ಮೂಗು, ಹಣೆ, ಕಿವಿ ಒಂದೊಂದನ್ನೇ ನೋಡಿದ. ನಾನಾದರೂ ಆ ಮುದುಕಿಯ ಬಾಯಿ ಮುಚ್ಚಿಸಬೇಕಿತ್ತು. ಎದ್ದು ಮನೆಗೆ ಬಂದೆ.

ನನಗೆ ಸಂಶಯವೇನೂ ಇಲ್ಲ ಎಂದು ಆಮೇಲೆ ಕಲ್ಮೇಶ ಗಂಗಾಳಿಗೆ ನಾಲ್ಕು ಸಲ ಹೇಳಿದನಂತೆ. ಎರಡನೆಯದರ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಗಂಗಾ ರೊಟ್ಟಿ ಬಡಿಯುತ್ತಾಳೆ, ಗಂಡನಿಗೆ ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ.

ಮೊನ್ನೆ ಸಪ್ನಾ ಕೈಯಲ್ಲಿ ಕನ್ನಡಿ ಹಿಡಿದು ನನ್ನ ಹತ್ತಿರ ಬಂದಳು.

“ಅಕ್ಕಾರ, ಖರೇ ಹೇಳ್ರಿ. ನಾ ಅಪ್ಪನಂಗ ಕಾಣ್ತೇನೊ ಇಲ್ಲೊ?”

“ಕಾಣ್ತಿಯವ್ವಾ,” ಎಂದೆ.

“ಎಲ್ಲಿ? ತೋರಸ್ರಿ.”